ಈ ಭಾನುವಾರ ಸೇರೋಣ: ಆಕ್ಟೇವಿಯಾ ಆರ್‌ಎಸ್‌ಗೆ ಅಷ್ಟು ದುಡ್ಡು ಹಾಕಬಹುದಾ?

ಎಲ್ಲರಿಗೂ ನಮಸ್ಕಾರ. ಸ್ಕೋಡಾ ಆಕ್ಟೇವಿಯಾ ಆರ್‌ಎಸ್ (ಆಕ್ಟೇವಿಯಾ ಕಾರಿನ ಹೆಚ್ಚು ಶಕ್ತಿಯ ಸ್ಪೋರ್ಟಿ ಮಾದರಿ) ತಗೋಬೇಕಾ ಬೇಡವಾ ಅಂತ ನಾಲ್ಕೈದು ಜನ ಕೇಳ್ತಾನೇ ಇದ್ದೀರಿ. ಈ ಭಾನುವಾರ ಬೆಳಿಗ್ಗೆ 7ಕ್ಕೆ ನೆಲಮಂಗಲದಲ್ಲಿ, ನಾವು ಯಾವಾಗಲೂ ತಿಂಡಿಗೆ ಸೇರುವ ಜಾಗಕ್ಕೆ ಬನ್ನಿ. ಗುಂಪಿನವರೊಬ್ಬರು ತಮ್ಮ 2020ರ ಆರ್‌ಎಸ್ 245 ತರುತ್ತಾರೆ.

ಮೊದಲು ಲೆಕ್ಕ ನೋಡಿ. 2020ರಲ್ಲಿ ಇಡೀ ದೇಶಕ್ಕೆ ಬಂದಿದ್ದು 200 ಕಾರು, ಬೆಲೆ ಸುಮಾರು 36 ಲಕ್ಷ. 2025ರಲ್ಲಿ ಬರೀ 100, ಸುಮಾರು 50 ಲಕ್ಷ, ಅದರ ಮೇಲೆ ನಮ್ಮ ರಾಜ್ಯದ ರಸ್ತೆ ತೆರಿಗೆ 18 ಪರ್ಸೆಂಟ್ ಅಂದ್ರೆ ಇನ್ನೂ 9 ಲಕ್ಷ, ಸೆಸ್ ಬೇರೆ. 150 ಪಿಎಸ್ (ಅಶ್ವಶಕ್ತಿ) ಇರುವ ಸ್ಕೋಡಾದ್ದೇ ಸ್ಲಾವಿಯಾ ಇದರ ಅರ್ಧ ದುಡ್ಡಿಗೂ ಕಮ್ಮಿಗೆ ಸಿಗುತ್ತೆ, ಹೆದ್ದಾರಿಗೆ ಅದು ಧಾರಾಳ ಸಾಕು.

ನೂರೇ ಕಾರು ಅನ್ನೋ ಕಾರಣಕ್ಕೆ ಸುಮ್ನೆ ದುಡ್ಡು ಹಾಕಬೇಡಿ. ಆದರೆ ಓಡಿಸುವ ಆಸೆ ಇದ್ದವರಿಗೆ ಬೆಲೆ ಇದೆ ಅಂತಲೇ ನಾನು ಹೇಳೋದು. ಘಾಟಿಯ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಮುಂದಿನ ಚಕ್ರ ಸುಮ್ನೆ ಸುತ್ತೋಕೆ ಬಿಡದೆ, ಡಿಫರೆನ್ಶಿಯಲ್ (ಎರಡು ಚಕ್ರಕ್ಕೂ ಬಲ ಹಂಚುವ ಭಾಗ) ಹೊರಗಿನ ಚಕ್ರಕ್ಕೆ ಜಾಸ್ತಿ ಬಲ ಕೊಟ್ಟು ಕಾರನ್ನ ಒಳಕ್ಕೆ ಎಳೆಯುತ್ತಲ್ಲ, ಅದನ್ನ ಪಕ್ಕದ ಸೀಟಲ್ಲಿ ಕೂತೇ ನೋಡಬೇಕು.

ಬರುವವರು ಒಂದು ಟಾರ್ಚ್ ತನ್ನಿ, ಬಂಪರ್ ಅಡಿ ಹಂಪ್‌ಗೆ ಉಜ್ಜಿದ ಗೆರೆ, ಟೈರ್‌ನ ಒಳಬದಿಯ ಸವೆತ ಎರಡೂ ನೋಡೋಣ. ಓಡಿಸೋಕೆ ಕೊಡಿ ಅಂತ ಮಾಲೀಕರನ್ನ ಕೇಳಬೇಡಿ, ದಯವಿಟ್ಟು. ಶುಕ್ರವಾರ ರಾತ್ರಿಯೊಳಗೆ ಹೆಸರು ಹಾಕಿ, ಈಗಾಗಲೇ ಆರ್‌ಎಸ್ ಇಟ್ಟುಕೊಂಡಿರೋರು ಸರ್ವಿಸ್ ಖರ್ಚು ಎಷ್ಟು ಬಂತು ಅಂತ ಇಲ್ಲೇ ಬರೀರಿ.