ಮಗಳಿಗೊಂದು ಪತ್ರ: ಹಿಟ್ಟಿನ ಕೋಳಿ ಕೂಗಿದ್ದು

ಪುಟ್ಟಿ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ತಲೆಯಲ್ಲೇ ಕೂತಿದೆ. "ಅಪ್ಪ, ಇವತ್ತು ಒಂದು ವಿಡಿಯೋದಲ್ಲಿ ಒಬ್ಬನನ್ನ ಹೊಡೆದು ಸಾಯಿಸ್ತಿದ್ರು. ನಂಗೆ ಏನೂ ಅನ್ನಿಸಲಿಲ್ಲ. ಬಟನ್ ಒತ್ತಿ ಮುಂದಿನದಕ್ಕೆ ಹೋದೆ. ಆಮೇಲೆ ಊಟ ಮಾಡಿದೆ." ಇಷ್ಟು ಹೇಳಿ ನಕ್ಕೆ. ಆ ನಗು ನನಗೆ ಹಿಡಿಸಲಿಲ್ಲ ಕಣೇ. ಏನು ಹೇಳಬೇಕೋ ತೋಚದೆ "ಹೊತ್ತಾಯ್ತು, ಮಲಕ್ಕೋ" ಅಂದುಬಿಟ್ಟೆ. ನಿಮ್ಮಮ್ಮನಿಗೆ ಇನ್ನೂ ಹೇಳಿಲ್ಲ. ಅವಳು ಊರವರಿಗೆಲ್ಲ "ಮಗಳದ್ದು ಕಂಪ್ಯೂಟರ್ ಕೆಲಸ" ಅಂತ ಹೇಳಿಕೊಂಡು ಆರಾಮಾಗಿದ್ದಾಳೆ. ಜನ ಹಾಕಿದ ಹಾಳು ವಿಡಿಯೋಗಳನ್ನು ದಿನವಿಡೀ ನೋಡಿ ಅಳಿಸುವುದು ಅಂತ ಹೇಳಿದರೆ ನಾಳೆಯೇ ಬಸ್ಸು ಹತ್ತಿ ಬಂದು ನಿನ್ನ ಪೆಟ್ಟಿಗೆ ಕಟ್ಟಿಸುತ್ತಾಳೆ.

ನನಗೆ ಸ್ವಲ್ಪ ಅರ್ಥವಾಗುತ್ತದೆ. ಯಾಕೆ ಅಂದರೆ ನಾನು 22 ವರ್ಷ ಟಾಕೀಸಿನ ಆಪರೇಟರ್. ಬೆಳಗಿನ ಆಟ, ಮ್ಯಾಟ್ನಿ, ಫಸ್ಟ್ ಶೋ, ಸೆಕೆಂಡ್ ಶೋ, ದಿನಕ್ಕೆ ನಾಲ್ಕು. ಚಿತ್ರ 50 ದಿನ ಓಡಿತು ಅಂದರೆ ಒಂದೇ ಕೊಲೆಯನ್ನು 200 ಸಲ ನೋಡಿದ ಹಾಗೆ. ಮೊದಲನೇ ದಿನ ಹೊಟ್ಟೆ ತೊಳಸುತ್ತಿತ್ತು. ಮೂರನೇ ವಾರಕ್ಕೆ ಹೇಗಾಯಿತು ಅಂದರೆ, ಅಲ್ಲಿ ಪರದೆ ಮೇಲೆ ಮಚ್ಚು ಬೀಸುತ್ತಿದ್ದರೆ ಇಲ್ಲಿ ನಾನು ಮುಂದಿನ ರೀಲು ಏರಿಸುತ್ತ ಡಬ್ಬಿಯ ಚಿತ್ರಾನ್ನ ತಿನ್ನುತ್ತಿದ್ದೆ. ಪರದೆಯ ಬಲಗಡೆ ಮೂಲೆಯಲ್ಲಿ ರೀಲು ಬದಲಿಸುವ ಚುಕ್ಕೆ ಬರುತ್ತದಲ್ಲ, ನನ್ನ ಕಣ್ಣು ಅದರ ಮೇಲೆ ಮಾತ್ರ. ಯಾರು ಸತ್ತರೆ ನನಗೇನು? ಹಾಗಾಗಿ ಏನೂ ಅನ್ನಿಸದೇ ಹೋಗುವುದು ನಿನಗೆ ಅಪ್ಪನ ಕಡೆಯಿಂದ ಬಂದದ್ದು ಅಂತ ಇಟ್ಟುಕೋ.

ಆದರೆ ಒಂದು ವ್ಯತ್ಯಾಸ ಇದೆ, ದೊಡ್ಡದು. ನನ್ನ ಪರದೆಯಲ್ಲಿ ಸತ್ತವನು ಶೂಟಿಂಗ್ ಮುಗಿದ ಮೇಲೆ ಎದ್ದು ಕೆಂಪು ಬಣ್ಣ ಒರೆಸಿಕೊಂಡು ಟೀ ಕುಡಿದಿದ್ದಾನೆ. ನಿನ್ನ ಪರದೆಯಲ್ಲಿ ಸತ್ತವನು ಏಳುವುದಿಲ್ಲ.

ಇದನ್ನು ಯೋಚಿಸುತ್ತಾ ಇದ್ದಾಗ ನನಗೆ ಜನ್ನ ನೆನಪಾದ. ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರು ಪಾಠಕ್ಕಿಲ್ಲದಿದ್ದರೂ ಯಶೋಧರ ಚರಿತೆಯ ಕಥೆ ಹೇಳೋರು, "ನಮ್ಮ ಹಳೇಬೀಡಿನಲ್ಲಿ ಹೊಯ್ಸಳ ಬಲ್ಲಾಳನ ಹತ್ತಿರ ಇದ್ದ ಕವಿ ಕಣ್ರೋ, 1209ರಲ್ಲಿ ಬರೆದದ್ದು" ಅಂತ ಹೆಮ್ಮೆಯಿಂದ. ಕಥೆ ನಿನಗೂ ಗೊತ್ತಿರಬೇಕು. ರಾಜ ಯಶೋಧರ ಕೆಟ್ಟ ಕನಸು ಬಿತ್ತು ಅಂತ ತಾಯಿಗೆ ಹೇಳುತ್ತಾನೆ. ಅವಳು ಮಾರಿಗೆ ಬಲಿ ಕೊಡು ಅನ್ನುತ್ತಾಳೆ. ಅವನು ಜೀವ ತೆಗೆಯಲಾರೆ ಅನ್ನುತ್ತಾನೆ. ಕೊನೆಗೆ ಇಬ್ಬರೂ ರಾಜಿಯಾಗುತ್ತಾರೆ, ಹಿಟ್ಟಿನಲ್ಲಿ ಒಂದು ಕೋಳಿ ಮಾಡಿ ಅದನ್ನು ಕಡಿದರಾಯಿತು ಅಂತ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗಿಬಿಡುತ್ತದೆ! ಅದರ ಅಂದಕ್ಕೆ ಮರುಳಾಗಿ ಒಂದು ಬೆಂತರ, ಅಂದರೆ ದೆವ್ವ, ಒಳಗೆ ಸೇರಿಕೊಂಡಿತ್ತಂತೆ. ಆ ಒಂದು ಏಟಿಗೆ ತಾಯಿ ಮಗ ಇಬ್ಬರೂ ನವಿಲಾಗಿ, ನಾಯಿಯಾಗಿ, ಇನ್ನೂ ಏನೇನೋ ಆಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ.

ಹಿಟ್ಟಿಗೆ ನೋವಾಯಿತಾ? ಇಲ್ಲ. ಆದರೆ ಕತ್ತಿ ಎತ್ತಿದವನ ಮನಸ್ಸಿನಲ್ಲಿ ಇದ್ದದ್ದು ಹಿಟ್ಟಲ್ಲ, ಕೋಳಿ. ಸಂಕಲ್ಪ ಹಿಂಸೆ ಅನ್ನೋರು ಮೇಷ್ಟ್ರು. ಆಗ ನನಗೆ ಇದು ಅನ್ಯಾಯ ಅನ್ನಿಸಿತ್ತು. ಈಗಲೂ ಪೂರ್ತಿ ಒಪ್ಪಲ್ಲ. ಈ ಲೆಕ್ಕ ಹಿಡಿದರೆ ನಾನು ಕನಿಷ್ಠ ಇನ್ನೂರು ಸಲ ನವಿಲಾಗಿ ಹುಟ್ಟಬೇಕು, ಗಾಂಧಿ ಕ್ಲಾಸಿನಲ್ಲಿ ಕೂತು ಶಿಳ್ಳೆ ಹೊಡೆದವರ ಗತಿ ದೇವರೇ ಬಲ್ಲ. ಆದರೆ ಆ ಬೆಂತರದ ಮಾತು ಮಾತ್ರ ಬಿಡುತ್ತಿಲ್ಲ. ಅದು ಯಾವ ಹಿಟ್ಟಿಗೋ ಬರಲಿಲ್ಲ ನೋಡು, ಚಂದವಾಗಿ ಮಾಡಿದ ಹಿಟ್ಟಿಗೆ ಬಂತು. ಒಳ್ಳೆ ಸಂಗೀತ ಹಾಕಿ, ನಿಧಾನ ಮಾಡಿ, ಹನಿ ರಕ್ತ ಎಲ್ಲಿ ಚಿಮ್ಮಬೇಕು ಅಂತ ನಾಲ್ಕು ದಿನ ತಲೆ ಕೆಡಿಸಿಕೊಂಡು ತೆಗೆದ ಕೊಲೆ ಇರುತ್ತದಲ್ಲ, ಕೂಗುವುದು ಅದೇ. ಕೆಟ್ಟದಾಗಿ ತೆಗೆದದ್ದಕ್ಕೆ ಜನ ನಗುತ್ತಿದ್ದರು, ಅಷ್ಟೇ.

ನೀನು ಮೀಡಿಯಾ ಓದುವಾಗಿನ ನೋಟ್ಸ್ ಅಟ್ಟದ ಮೇಲೆ ಇತ್ತು, ಇಳಿಸಿ ಓದಿದೆ. ಸಿನಿಮಾ ನೋಡಿ ಜನ ಕೆಡುತ್ತಾರಾ ಅನ್ನುವ ಪ್ರಶ್ನೆಗೆ ಎಷ್ಟು ಪುಟ ಮಾರಾಯ್ತಿ! 1961ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಆಲ್ಬರ್ಟ್ ಬಂಡೂರ ಅನ್ನುವವರು 72 ಮಕ್ಕಳನ್ನು ಇಟ್ಟುಕೊಂಡು ಮಾಡಿದ ಬೊಂಬೆಯ ಪ್ರಯೋಗ ಓದಿದೆ. ದೊಡ್ಡವರು ಗಾಳಿ ತುಂಬಿದ ಬೊಂಬೆಗೆ ಗುದ್ದಿದ್ದನ್ನು ನೋಡಿದ ಮಕ್ಕಳು ತಾವೂ ಗುದ್ದಿದವಂತೆ. ಗುದ್ದಿದರೆ ಬಿದ್ದು ಮತ್ತೆ ಎದ್ದು ನಿಲ್ಲುವ ಬೊಂಬೆ ಅದು. ಗುದ್ದುವುದಕ್ಕೇ ಮಾಡಿದ್ದು. ಅದನ್ನು ಗುದ್ದದೆ ತೊಟ್ಟಿಲಿಗೆ ಹಾಕಿ ತೂಗುತ್ತಾರಾ? ನನ್ನ ತಲೆಗೆ ಅಷ್ಟೇ ಹೊಳೆದದ್ದು. ಟಾಕೀಸಿನಿಂದ ಹೊರಗೆ ಬಂದು ಯಾರೂ ಯಾರನ್ನೂ ಕಡಿದದ್ದನ್ನು ನಾನು ನೋಡಿಲ್ಲ. ಸೈಕಲ್ ಸ್ಟ್ಯಾಂಡಿನಲ್ಲಿ ಕಾಲರ್ ಎತ್ತಿಕೊಂಡು ಹೀರೋ ಥರ ನಡೆದದ್ದು ನೋಡಿದ್ದೇನೆ, ಮನೆ ತಲುಪುವುದರೊಳಗೆ ಅದೂ ಇಳಿದಿರುತ್ತಿತ್ತು.

ನನಗೆ ಕಾಣುವ ಕೆಡುಕು ಬೇರೆ. ಪ್ರೊಜೆಕ್ಟರ್ ಕಿಂಡಿಯಿಂದ ನನಗೆ ಜನರ ಬೆನ್ನು ಮಾತ್ರ ಕಾಣುತ್ತಿತ್ತು. ಮುಖ ಕಾಣದೆ ಇರುವುದರಿಂದ ಕಿವಿ ಚುರುಕಾಗುತ್ತದೆ. ಹೀರೋನ ತಮ್ಮ ಸತ್ತರೆ ಇಡೀ ಹಾಲ್ ಮೌನ, ಎಲ್ಲೋ ಒಂದು ಹೆಂಗಸು ಮೂಗು ಸೀನುವ ಸದ್ದು. ಅದೇ ಹೀರೋ ಗೋಡೌನಿಗೆ ನುಗ್ಗಿ ಇಪ್ಪತ್ತು ಜನರನ್ನು ಕೆಡವಿದರೆ ಶಿಳ್ಳೆ, ಚಿಲ್ಲರೆ ಕಾಸು ತೂರಾಟ. ಆ ಇಪ್ಪತ್ತು ಜನಕ್ಕೆ ಅಣ್ಣ ತಮ್ಮ ಇರಲ್ವಾ? ಅವರಿಗೆ ಹೆಸರೇ ಇಡಲ್ಲ. ಯಾರ ಸಾವು ಸಾವು, ಯಾರದು ಬರೀ ಲೆಕ್ಕ ಅಂತ ಸಿನಿಮಾ ಮೊದಲೇ ತೀರ್ಮಾನ ಮಾಡಿ ನಮ್ಮ ಕೈಗೆ ಕೊಟ್ಟಿರುತ್ತದೆ, ನಾವು ಟಿಕೆಟ್ ಜೊತೆಗೆ ಅದನ್ನೂ ತಗೊಂಡು ಒಳಗೆ ಹೋಗಿ ಕೂತಿರುತ್ತೇವೆ. 1952ರ ಸಿನಿಮಾ ಕಾನೂನಿಗೆ 2023ರಲ್ಲಿ ತಿದ್ದುಪಡಿ ತಂದು, ಮಕ್ಕಳು ದೊಡ್ಡವರ ಮಾರ್ಗದರ್ಶನದಲ್ಲಿ ನೋಡಬಹುದಾದ ಯುಎ ಚಿತ್ರಗಳಿಗೆ 7, 13, 16 ಅಂತ ವಯಸ್ಸು ಕಟ್ಟಿದ್ದಾರೆ. ಒಳ್ಳೆಯದೇ. ಆದರೆ ಸೆನ್ಸಾರ್‌ನವರು ರಕ್ತ ಜಾಸ್ತಿಯಾಯಿತಾ ಅಂತ ನೋಡಬಲ್ಲರು, ಈ ಲೆಕ್ಕವನ್ನು ಯಾವ ವಯಸ್ಸಿಗೆ ಕಟ್ಟುತ್ತಾರೆ?

ಒಂದು ಸಿನಿಮಾದ ಫೈಟಿನಲ್ಲಿ ಗಾಜಿನ ಬಾಗಿಲು ಒಡೆದುಕೊಂಡು ಬಿದ್ದ ಒಬ್ಬ ಫೈಟರ್ ಇದ್ದ. ನೂರು ಸಲ ಆಡಿಸಿದ ಮೇಲೆ ನನ್ನ ಕಣ್ಣಿಗೆ ಬಿದ್ದ. ಹೀರೋ ಮುಂದೆ ಹೋಗುತ್ತಾನೆ, ಇವನು ಪರದೆಯ ಎಡಗಡೆ ಮೂಲೆಯಲ್ಲಿ ಸತ್ತು ಬಿದ್ದಿರುತ್ತಾನೆ. ಹೊಟ್ಟೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಒಂದು ಸಲ ಕಣ್ಣು ಅರ್ಧ ತೆಗೆದು ಕ್ಯಾಮೆರಾ ಹೋಯಿತಾ ಅಂತ ನೋಡಿ ಮತ್ತೆ ಮುಚ್ಚುತ್ತಾನೆ. ಅವತ್ತಿನಿಂದ ಚಿತ್ರ ಎತ್ತುವವರೆಗೆ ಆ ಫೈಟು ಬಂದಾಗೆಲ್ಲ ನಾನು ಅವನನ್ನೇ ನೋಡುತ್ತಿದ್ದೆ. ಅವನಿಗೆ ಪೆಟ್ಟಾಗಿತ್ತಾ, ದಿನಕ್ಕೆ ಎಷ್ಟು ಕೊಡುತ್ತಿದ್ದರು, ಹೀಗೇ ಏನೇನೋ. ಚಿತ್ರಾನ್ನ ಮಾತ್ರ ಆ ಹೊತ್ತಿಗೆ ತಿನ್ನುವುದು ನಿಲ್ಲಿಸಿದ್ದೆ. ಯಾಕೆ ಅಂತ ಕೇಳಬೇಡ.

ಇನ್ನು ನಿನ್ನ ಲೋಕಕ್ಕೆ ಬರುತ್ತೇನೆ.

2018ರಲ್ಲಿ ನೀನು ಪಿಯುಸಿ. ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ಎಲ್ಲರ ಫೋನಿಗೂ ಬರುತ್ತಿತ್ತಲ್ಲ. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋ. ನಿಮ್ಮಮ್ಮ ನನಗೆ ತೋರಿಸಿ, ಪಕ್ಕದ ಮನೆಯ ಪಾಪುವನ್ನು ಒಂದು ವಾರ ಅಂಗಳಕ್ಕೆ ಬಿಡಬೇಡಿ ಅಂತ ಹೇಳಿಬಂದಳು. ಆಮೇಲೆ ಗೊತ್ತಾಯಿತು, ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಹೀರಾತು. ನಟಿಸಿದ್ದು. ಪೂರ್ತಿ ಚಿತ್ರದಲ್ಲಿ ಅವರು ವಾಪಸ್ ಬಂದು ಮಗುವನ್ನು ಬಿಟ್ಟು, ಮಗು ಕಳ್ಳತನಕ್ಕೆ ಒಂದೇ ಕ್ಷಣ ಸಾಕು ಅಂತ ಬರೆದ ಫಲಕ ಹಿಡಿಯುತ್ತಾರೆ. ಯಾರೋ ಆ ಕೊನೆಯ ತುಂಡನ್ನು ಕತ್ತರಿಸಿ ಹರಿಯಬಿಟ್ಟಿದ್ದರು.

ಕತ್ತರಿ ಹಾಕುವುದು ಅಂದರೆ ನನಗೆ ಗೊತ್ತು. ಸೆಕೆಂಡ್ ಶೋ ತಡವಾದರೆ ಒಂದು ಹಾಡು ತೆಗೆದು, ಫಿಲ್ಮಿನ ಎರಡು ತುದಿಯನ್ನು ಕೆರೆದು ಅಂಟಿಸಿ ಓಡಿಸುತ್ತಿದ್ದೆವು. ತಪ್ಪು ಅಂತ ಗೊತ್ತಿತ್ತು. ಬಾಲ್ಕನಿಯವರು ಒಂದೆರಡು ಬೈಗುಳ ಕೊಟ್ಟು ಸುಮ್ಮನಾಗುತ್ತಿದ್ದರು. ನನ್ನ ಕತ್ತರಿಗೆ ಹೋದದ್ದು ಒಂದು ಹಾಡು. ಅವನ ಕತ್ತರಿಗೆ? ಆ ವರ್ಷ ಇಂಥ ವದಂತಿಗಳಿಗೆ ದೇಶದ ಬೇರೆ ಬೇರೆ ಕಡೆ ಜನ ಸತ್ತರು. ಜುಲೈ 13ರಂದು ನಮ್ಮದೇ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಸ್ನೇಹಿತರನ್ನು ಜನ ಅಡ್ಡಗಟ್ಟಿ ಹೊಡೆದರು. ದಾರಿಯಲ್ಲಿ ಊರ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರಂತೆ. ಅಷ್ಟೇ ಅವರು ಮಾಡಿದ ತಪ್ಪು. ಒಬ್ಬ ಹುಡುಗ, ಎಂಜಿನಿಯರ್, ಸತ್ತೇ ಹೋದ. ಅದೇ ತಿಂಗಳು ವಾಟ್ಸಾಪ್‌ನವರು ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದೇ ಕಡೆ ಕಳಿಸಬಹುದು ಅಂತ ಮಿತಿ ಹಾಕಿದರು. ಜನ್ನನ ಕೋಳಿ ಕೂಗಿದ್ದು ಕಥೆಯಲ್ಲಿ, ಇದು ಬೀದಿಯಲ್ಲಿ. ಹಿಟ್ಟಿನಲ್ಲಿ ಮಾಡಿದ್ದು ಅಂತ ಹೇಳುವ ತುಂಡನ್ನೇ ಕತ್ತರಿಸಿಬಿಟ್ಟರೆ ಕತ್ತಿ ಹಿಡಿದವನಿಗೆ ಕಾಣುವುದು ಕೋಳಿಯೇ ಅಲ್ವಾ.

ಅದರ ಮರುವರ್ಷ, 2019ರ ಮಾರ್ಚ್ 15ಕ್ಕೆ, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಒಬ್ಬ ಎರಡು ಮಸೀದಿಗಳಲ್ಲಿ 51 ಜನರನ್ನು ಕೊಂದ. ಅದನ್ನು ನೇರ ಪ್ರಸಾರ ಮಾಡುತ್ತಾ ಕೊಂದ. ನೋಡುವವರು ಇದ್ದಾರೆ ಅಂತ ಗೊತ್ತಿದ್ದೇ ಮಾಡಿದ್ದು. ಮೊದಲ 24 ಗಂಟೆಯಲ್ಲಿ 15 ಲಕ್ಷ ಪ್ರತಿಗಳನ್ನು ತೆಗೆದೆವು ಅಂತ ಫೇಸ್‌ಬುಕ್‌ನವರೇ ಹೇಳಿದರು. ತೆಗೆದದ್ದು ಬಿಡು, ಅಷ್ಟು ಸಲ ಹಾಕಿದವರು ಯಾರು? ಎಲ್ಲರೂ ಕೊಲೆಗಡುಕರಾ? ಇಲ್ಲ. ಸುಮ್ನೆ, ನೋಡು ಅಂತ. ನಿನ್ನ ನೋಟ್ಸಿನಲ್ಲಿ ಪ್ಲೇಟೋ ಹೇಳಿದ ಲಿಯಾಂಟಿಯಸ್ ಕಥೆ ಇತ್ತು. ಅಥೆನ್ಸಿನ ಗೋಡೆಯ ಹೊರಗೆ ಮರಣದಂಡನೆಯಾದವರ ಹೆಣಗಳು ಬಿದ್ದಿರುತ್ತವೆ. ಅವನಿಗೆ ನೋಡಬೇಕು, ನೋಡಬಾರದು ಅಂತಲೂ ಅನ್ನಿಸುತ್ತದೆ. ಮುಖ ಮುಚ್ಚಿಕೊಂಡು ನಿಲ್ಲುತ್ತಾನೆ. ಕೊನೆಗೆ ತಡೆಯಲಾರದೆ ಓಡಿಹೋಗಿ, ತನ್ನ ಕಣ್ಣುಗಳಿಗೇ ಬೈಯುತ್ತಾನೆ, ತಗೊಳ್ರಿ ಹಾಳಾದವೇ, ಹೊಟ್ಟೆ ತುಂಬ ನೋಡ್ರಿ ಅನ್ನೋ ಹಾಗೆ. ಅವನಾದರೂ ಬೈದ, ನಾಚಿಕೆ ಇತ್ತು. ಅದನ್ನು ಓದಿ ನನಗೆ ಅವನ ಮೇಲೆ ಪ್ರೀತಿಯೇ ಬಂತು.

ಈಗ ನೀನು. ಏನೂ ಅನ್ನಿಸಲಿಲ್ಲ ಅಂದೆಯಲ್ಲ, ನೀನು ಕಲ್ಲಾಗಿದ್ದೀಯ ಅಂತ ನನಗೆ ಅನ್ನಿಸಲ್ಲ. ಕಲ್ಲಾಗಿದ್ದರೆ ರಾತ್ರಿ ಹನ್ನೊಂದೂವರೆಗೆ ಅಪ್ಪನಿಗೆ ಫೋನ್ ಮಾಡುತ್ತಿರಲಿಲ್ಲ. ನನ್ನ ಮೆಷಿನ್ ಬಗ್ಗೆ ಚಿಕ್ಕವಳಿದ್ದಾಗ ಹೇಳಿದ್ದೆ, ಮರೆತಿದ್ದೀಯೇನೋ. ಸೆಕೆಂಡಿಗೆ 24 ಚಿತ್ರ. ಒಂದು ಚಿತ್ರ ಸರಿದು ಇನ್ನೊಂದು ಬರುವ ಹೊತ್ತಿಗೆ ಶಟರ್ ಬೆಳಕನ್ನು ಮುಚ್ಚಬೇಕು. ಮುಚ್ಚದಿದ್ದರೆ ಪರದೆ ಮೇಲೆ ಬರೀ ಉದ್ದುದ್ದ ಗೀಚು. ಮೂರು ಗಂಟೆ ಸಿನಿಮಾದಲ್ಲಿ ಜನ ಸುಮಾರು ಅರ್ಧ ಹೊತ್ತು ಕತ್ತಲೆಯಲ್ಲೇ ಕೂತಿರುತ್ತಿದ್ದರು, ಅವರಿಗೆ ಗೊತ್ತಾಗುತ್ತಿರಲಿಲ್ಲ ಅಷ್ಟೇ. ನಿನ್ನ ಕೆಲಸದಲ್ಲಿ ಆ ಕತ್ತಲೆಯೇ ಇಲ್ಲ. ಒಂದು ಮುಗಿಯಿತು, ಬಟನ್, ಇನ್ನೊಂದು. ಎಷ್ಟು ಸೆಕೆಂಡಿನಲ್ಲಿ ಮುಗಿಸಿದೆ ಅಂತ ಮೇಲಿನವರು ಲೆಕ್ಕ ಬೇರೆ ಇಡುತ್ತಾರೆ ಅಂದೆ.

ಪಂಪನ ಆದಿಪುರಾಣದ ನರ್ತಕಿ ನೀಲಾಂಜನೆ ಇದ್ದಾಳಲ್ಲ. ಆದಿದೇವನ ಸಭೆಯಲ್ಲಿ ಕುಣಿಯುತ್ತಾ ಕುಣಿಯುತ್ತಾ ಆಯಸ್ಸು ಮುಗಿದು ಮಾಯವಾಗುತ್ತಾಳೆ. ರಸಭಂಗ ಆಗಬಾರದು ಅಂತ ಇಂದ್ರ ತಕ್ಷಣ ಅವಳಂಥವಳನ್ನೇ ಅಲ್ಲಿ ನಿಲ್ಲಿಸುತ್ತಾನೆ. ಸಭೆಗೆ ಗೊತ್ತೇ ಆಗುವುದಿಲ್ಲ, ಕುಣಿತ ನಡೆಯುತ್ತಲೇ ಇದೆ. ಆದಿದೇವನೊಬ್ಬನಿಗೆ ಗೊತ್ತಾಗುತ್ತದೆ. ಎಲ್ಲರೂ ಅದರಿಂದ ವೈರಾಗ್ಯದ ಪಾಠ ಹೇಳುತ್ತಾರೆ. ನನಗೆ ಮಾತ್ರ ಯಾವಾಗಲೂ ಇಂದ್ರನ ಮೇಲೆ ಸಿಟ್ಟು. ಒಂದು ನಿಮಿಷ ಕುಣಿತ ನಿಲ್ಲಿಸಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಇವತ್ತು ಎಲ್ಲರ ಕೈಯಲ್ಲಿರುವ ರೀಲ್ಸ್ ನೋಡಿದಾಗಲೂ ಅದೇ ಸಿಟ್ಟು ಬರುತ್ತದೆ. ಒಬ್ಬನ ಹೆಣ, ಅದರ ಹಿಂದೆಯೇ ಯಾರದೋ ಮದುವೆ ಕುಣಿತ.

ಕೆಲಸ ಬಿಡು ಅಂತ ಹೇಳುತ್ತಿಲ್ಲ. ನಿನ್ನ ರೂಮಿನ ಬಾಡಿಗೆ ನನಗೆ ಗೊತ್ತು, ನಮ್ಮ ಮನೆ ಸಾಲವೂ ಗೊತ್ತು. ಯಾರಾದರೂ ಕೂತು ನೋಡಿ ಅಳಿಸದೆ ಇದ್ದರೆ ಆ ಮುರ್ಕಿಯಂಥದ್ದು ಇನ್ನಷ್ಟು ಆಗುತ್ತದೆ ಅನ್ನುವುದೂ ಸರಿ. ಆದರೆ ಅಲ್ಲಿ ಮಾತಾಡಲಿಕ್ಕೆ ಒಬ್ಬ ಡಾಕ್ಟರನ್ನು ಇಟ್ಟಿದ್ದಾರೆ, ಹೋದರೆ ಬೇರೆಯವರು ಆಡಿಕೊಳ್ಳುತ್ತಾರೆ ಅಂದೆಯಲ್ಲ, ಆಡಿಕೊಳ್ಳಲಿ, ಹೋಗು. ರಜೆ ಕೇಳು. ಮುಂದಿನ ಬಟನ್ ಒತ್ತುವ ಮುಂಚೆ ಎರಡು ಉಸಿರು ತಗೊ, ಲೆಕ್ಕ ಇಡುವವರು ಇಟ್ಟುಕೊಳ್ಳಲಿ. ಮತ್ತೆ ಆ ಹೊಡೆಸಿಕೊಂಡವನು ಯಾವ ಬಣ್ಣದ ಅಂಗಿ ಹಾಕಿದ್ದ ಅಂತ ನಿನಗೆ ನೆನಪಿದ್ದರೆ ನನಗೆ ಹೇಳು. ಇಲ್ಲದಿದ್ದರೂ ಪರವಾಗಿಲ್ಲ.

ಶುಕ್ರವಾರ ಸಂಜೆ ಹುಬ್ಬಳ್ಳಿ ಕಡೆ ಗಾಡಿ ಯಾವುದಾದರೂ ಹತ್ತು, ಅರಸೀಕೆರೆ ಸ್ಟೇಷನ್ನಿಗೆ ಎಷ್ಟು ಹೊತ್ತಾದರೂ ನಾನು ಬರುತ್ತೇನೆ. ನೀನು ಕೋಳಿ ತಿನ್ನುವುದು ಬಿಟ್ಟಿದ್ದೀಯ ಅಂತ ನಿಮ್ಮಮ್ಮನಿಗೆ ಹೇಗೋ ಗೊತ್ತಾಗಿದೆ, ಯಾಕೆ ಅಂತ ಗೊತ್ತಿಲ್ಲ. ಹರಕೆ ಅಂತ ಹೇಳಿದ್ದೇನೆ. ಹುರುಳಿಕಾಳು ನೆನೆ ಹಾಕುತ್ತಾಳಂತೆ.

ನಿನ್ನ ಅಪ್ಪ