ಐದು ದಿನಗಳಿಂದ ಶುರು ಮಾಡಿ

ಪ್ರಿಯ ಗೆಳತಿ,

ಮೊಹಮದ್ ಇಬ್ರಾಹಿಂ ಎಗಾಲ್ ಬಗ್ಗೆ ನೀವು ಕಳಿಸಿದ ಕರಡನ್ನು ಎರಡು ಸಲ ಓದಿದೆ. ಆಫ್ರಿಕಾದ ಈಶಾನ್ಯ ತುದಿಯಲ್ಲಿ, ಸೊಮಾಲಿಯಾದಿಂದ ತಾನು ಬೇರೆ ಎಂದ ಸೊಮಾಲಿಲ್ಯಾಂಡ್‌ನ ಕಥೆಯನ್ನು ಕನ್ನಡದಲ್ಲಿ ಹೇಳಲು ಹೊರಟಿದ್ದೀರಿ, ಅದೇ ನನಗೆ ದೊಡ್ಡ ಖುಷಿ. ಆದರೆ ಮೊದಲ ಸಾಲಿನಲ್ಲೇ ಒಂದು ತೊಡಕಿದೆ. 'ಪ್ರತ್ಯೇಕತಾವಾದಿ ನಾಯಕ ಎಗಾಲ್' ಅಂತ ಶುರು ಮಾಡಿದ್ದೀರಿ. ಆ ಒಂದು ಪದ ಆ ಮನುಷ್ಯನ ಅರ್ಧ ಬದುಕನ್ನು ನುಂಗಿಬಿಟ್ಟಿದೆ.

ಸೊಮಾಲಿಲ್ಯಾಂಡ್ ತಾನು ಬೇರೆ ಎಂದ 1991ರಿಂದ ಶುರು ಮಾಡಬೇಡಿ. 1960ರ ಜೂನ್ 26ಕ್ಕೆ ಹೋಗಿ. ಅಂದು ಬ್ರಿಟಿಷರು ಹೊರಟರು, ಸೊಮಾಲಿಲ್ಯಾಂಡ್ ಸ್ವತಂತ್ರವಾಯಿತು. ಅದರ ಪ್ರಧಾನಿ ಎಗಾಲ್. ವಯಸ್ಸು 31. ಜುಲೈ 1ಕ್ಕೆ ಅದು ಇಟಲಿಯ ಆಡಳಿತದಲ್ಲಿದ್ದ ದಕ್ಷಿಣ ಭಾಗದ ಜೊತೆ ಸೇರಿ ಸೊಮಾಲಿ ಗಣರಾಜ್ಯವಾಯಿತು. ನಡುವೆ ಇದ್ದದ್ದು ಐದೇ ದಿನ. ಕೈಗೆ ಬಂದ ದೇಶವನ್ನು ಐದು ದಿನದಲ್ಲಿ ಇನ್ನೊಂದರ ಜೊತೆ ಬೆಸೆದವರು ಇವರು. ಅದೇ ಮನುಷ್ಯ 33 ವರ್ಷದ ನಂತರ, ಬೇರೆಯಾಗಿ ಹೋದ ಸೊಮಾಲಿಲ್ಯಾಂಡ್‌ನ ಅಧ್ಯಕ್ಷರಾದರು. ನಿಮ್ಮ ಲೇಖನ ಇರುವುದು ಈ ಎರಡರ ನಡುವೆ.

ಇಲ್ಲಿ ಕನ್ನಡದವರಾಗಿ ನಮಗೆ ಒಂದು ಕಷ್ಟ ಇದೆ. ಏಕೀಕರಣ ಅಂದರೆ ನಮಗೆ ಹಬ್ಬ. ಆ ಪದ ಕೇಳಿದ ಕೂಡಲೇ ಮನಸ್ಸು ನವೆಂಬರ್ 1ಕ್ಕೆ ಓಡುತ್ತದೆ, ಅಲ್ವಾ? ನೀವು ಆ ಪದವನ್ನೇ ಬಳಸಿದ್ದೀರಿ, ಅದರ ಜೊತೆ ನಮ್ಮ ಸಂಭ್ರಮವೂ ಒಳಗೆ ಬಂದುಬಿಟ್ಟಿದೆ. ಸೊಮಾಲಿಲ್ಯಾಂಡ್‌ನ ರಾಜಧಾನಿ ಹರ್ಗೈಸಾದಲ್ಲಿ ಜುಲೈ 1ಕ್ಕೆ ಆ ಸಿಹಿ ಇಲ್ಲ. ಸೇರ್ಪಡೆಯಾದಾಗ ರಾಜಧಾನಿ ಮೊಗದಿಶುಗೆ ಹೋಯಿತು. ಅಧ್ಯಕ್ಷ ಪದವಿಯೂ ಪ್ರಧಾನಿ ಪದವಿಯೂ ದಕ್ಷಿಣದವರಿಗೆ ಹೋದವು. ಎಗಾಲ್ ಮಂತ್ರಿಯಾದರು, ಅಷ್ಟೇ. ಇದನ್ನು ನಿಧಾನವಾಗಿ ಬರೆಯಿರಿ. ಮುಂದಿನ ಸಿಟ್ಟಿನ ಬೇರು ಇಲ್ಲೇ ಇದೆ.

ಅವರ ತಪ್ಪುಗಳನ್ನು ಮುಚ್ಚಬೇಡಿ. 1967ರಲ್ಲಿ ಅವರು ಇಡೀ ಸೊಮಾಲಿಯಾದ ಪ್ರಧಾನಿಯಾದರು. 1969ರ ಚುನಾವಣೆ ಮುಗಿದ ಮೇಲೆ ವಿರೋಧ ಪಕ್ಷದವರೆಲ್ಲ ಆಳುವ ಪಕ್ಷಕ್ಕೆ ಹಾರಿದರು. ಸಂಸತ್ತಿನಲ್ಲಿ ಉಳಿದದ್ದು ಒಬ್ಬನೇ ಒಬ್ಬ ವಿರೋಧಿ. ಚುನಾವಣೆಯಲ್ಲಿ ಅಕ್ರಮ ನಡೆದಿದೆ ಎಂದು ಜನ ಕುದಿಯುತ್ತಿದ್ದರು. ಅಕ್ಟೋಬರ್‌ನಲ್ಲಿ ಅಧ್ಯಕ್ಷರ ಕೊಲೆಯಾಯಿತು, ಆರೇ ದಿನದಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು. ಸೇನೆಯ ಮುಖ್ಯಸ್ಥ ಸಿಯಾದ್ ಬರ್ರೆ ಎಗಾಲ್‌ರನ್ನು ಸೆರೆಗೆ ಹಾಕಿದ. ಆಮೇಲೆ ಬಿಟ್ಟು, 1976ರಲ್ಲಿ ಭಾರತಕ್ಕೆ ರಾಯಭಾರಿಯಾಗಿ ಕಳಿಸಿದ. ಸ್ವಲ್ಪ ಕಾಲದಲ್ಲೇ ಮತ್ತೆ ಸೆರೆ. ಹೊರಬಂದದ್ದು 1985ರಲ್ಲಿ. ನಮ್ಮ ದೇಶದ ಹೆಸರು ಬಂತು ಅಂತ ದೆಹಲಿಯ ದಿನಗಳನ್ನು ಸುಮ್ನೆ ಹಿಗ್ಗಿಸಿದ್ದೀರಿ. ಅದು ಒಂದು ಸಾಲು ಸಾಕು. ಸೆರೆಮನೆಯಿಂದ ರಾಯಭಾರ ಕಚೇರಿಗೆ, ಅಲ್ಲಿಂದ ಮತ್ತೆ ಸೆರೆಮನೆಗೆ. ಓದುವವರಿಗೆ ಬರ್ರೆಯ ಆಳ್ವಿಕೆ ಹೇಗಿತ್ತು ಅಂತ ಅಷ್ಟರಲ್ಲೇ ಗೊತ್ತಾಗುತ್ತದೆ.

ನಿಮ್ಮ ಕರಡಿನಲ್ಲಿ ಹರ್ಗೈಸಾ ವಿಮಾನ ನಿಲ್ದಾಣ ಮೂರು ಕಡೆ ಬಿಡಿಬಿಡಿಯಾಗಿ ಬಂದಿದೆ. ದಯವಿಟ್ಟು ಅದನ್ನು ಒಂದೇ ಕಡೆ ತನ್ನಿ. 1988ರಲ್ಲಿ ಬರ್ರೆಯ ಯುದ್ಧ ವಿಮಾನಗಳು ಅದೇ ನಿಲ್ದಾಣದಿಂದ ಹಾರಿ ಅದೇ ಊರಿನ ಮೇಲೆ ಬಾಂಬ್ ಹಾಕಿದವು. ಲಕ್ಷಾಂತರ ಜನ ಇಥಿಯೋಪಿಯಾಕ್ಕೆ ಓಡಿದರು. 1994ರ ಕೊನೆಯಲ್ಲಿ ಆ ನಿಲ್ದಾಣ ಯಾರ ಕೈಯಲ್ಲಿರಬೇಕು ಅಂತ ಎಗಾಲ್ ಸರ್ಕಾರಕ್ಕೂ ಅಲ್ಲಿನ ಒಂದು ಕುಲದ ಬಂದೂಕುಧಾರಿಗಳಿಗೂ ಕಾಳಗ ಹತ್ತಿತು. ಸೊಮಾಲಿಲ್ಯಾಂಡ್‌ನವರೇ ಸೊಮಾಲಿಲ್ಯಾಂಡ್‌ನವರನ್ನು ಕೊಂದರು. ಇವತ್ತು ಅದರ ಹೆಸರು ಎಗಾಲ್ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ನನಗಂತೂ ಇದನ್ನು ಬರೆಯುವಾಗಲೇ ಎದೆ ಭಾರವಾಗುತ್ತದೆ. ನೀವು ಯಾವ ವಿಶೇಷಣವನ್ನೂ ಸೇರಿಸಬೇಕಾಗಿಲ್ಲ.

ಬೋರಾಮಾ ಸಭೆಗೆ ಜಾಸ್ತಿ ಜಾಗ ಕೊಡಿ. 1993ರಲ್ಲಿ ಕುಲಗಳ ಹಿರಿಯರು ಆ ಪುಟ್ಟ ಊರಲ್ಲಿ ತಿಂಗಳುಗಟ್ಟಲೆ ಕೂತು ಮಾತಾಡಿದರು. ಅಲ್ಲಿ ಹಿರಿಯರ ಮಂಡಳಿಗೆ ಗೂರ್ತಿ ಅನ್ನುತ್ತಾರೆ, ಆ ಪದವನ್ನೇ ಉಳಿಸಿಕೊಳ್ಳಿ. ಎಗಾಲ್‌ರನ್ನು ಆರಿಸಿದ್ದು ಅವರು. ಆಮೇಲಿನ ಕೆಲಸವೂ ಮುಖ್ಯ. ಬಂದೂಕು ಹಿಡಿದ ಹುಡುಗರನ್ನು ಸೇನೆಗೆ, ಪೊಲೀಸ್‌ಗೆ ಸೇರಿಸಿ ಸಂಬಳ ಕೊಡಬೇಕಿತ್ತು. ಹಣ ಬರ್ಬೆರಾ ಬಂದರಿನ ಸುಂಕದಿಂದ ಬರಬೇಕಿತ್ತು. ಆ ಬಂದರಿನಿಂದ ಕುರಿ, ಮೇಕೆ, ಒಂಟೆಗಳು ಸೌದಿಗೆ ಹೋಗುತ್ತಿದ್ದವು. 1998ರಲ್ಲಿ ಜಾನುವಾರು ರೋಗದ ಭಯದಿಂದ ಸೌದಿ ಆಮದು ನಿಲ್ಲಿಸಿದಾಗ ಖಜಾನೆಗೇ ಏಟು ಬಿತ್ತು. ಇಂಥ ವಿವರ ನಿಮ್ಮ ಕರಡಿನಲ್ಲಿ ಇಲ್ಲವೇ ಇಲ್ಲ. ಬಾವುಟ, ಭಾಷಣ ಮಾತ್ರ ಇವೆ.

ಹಾಗಾದರೆ ಅವರನ್ನು ಏನೆಂದು ಕರೆಯಬೇಕು ಅಂತ ಕೇಳಿದ್ದೀರಿ. ನಾನು ಮಾಡುವುದು ಹೀಗೆ. ಸೊಮಾಲಿಲ್ಯಾಂಡ್ 1991ರ ಮೇ 18ರಂದು ತಾನು ಬೇರೆ ಎಂದು ಘೋಷಿಸಿತು, ಎಗಾಲ್ ಬದುಕಿರುವವರೆಗೂ ಯಾವ ದೇಶವೂ ಅದನ್ನು ಮಾನ್ಯ ಮಾಡಲಿಲ್ಲ, ಮೊಗದಿಶುವಿನ ಪ್ರಕಾರ ಅದು ಸೊಮಾಲಿಯಾದ ಭಾಗವೇ. ಇಷ್ಟನ್ನು ಒಂದು ಸಲ ನೇರವಾಗಿ ಹೇಳಿ. ಆಮೇಲೆ 'ಅಧ್ಯಕ್ಷ' ಅಂತಲೇ ಬರೆಯಿರಿ. ಪ್ರತಿ ಪ್ಯಾರಾದಲ್ಲೂ 'ಸ್ವಯಂಘೋಷಿತ' ಅಂತ ಸೇರಿಸುವುದು ಎಚ್ಚರಿಕೆಯಂತೆ ಕಾಣುತ್ತದೆ, ಆದರೆ ಅದೂ ಒಂದು ಪಕ್ಷ ವಹಿಸುವುದೇ. ಹಾಗೆಯೇ 2001ರ ಮೇ 31ರ ಜನಮತದಲ್ಲಿ 97 ಶೇಕಡಾ ಜನ ಹೊಸ ಸಂವಿಧಾನಕ್ಕೆ ಹೌದು ಅಂದರು ಎಂದು ಬರೆದು ಮುಂದೆ ಹೋಗಿದ್ದೀರಿ. ಪೂರ್ವದ ಸೂಲ್ ಭಾಗದಲ್ಲಿ ತುಂಬಾ ಜನ ಮತಗಟ್ಟೆಗೇ ಬರಲಿಲ್ಲ. ಆ ಮಾತು ಅದೇ ಪ್ಯಾರಾದಲ್ಲಿ ಇರಬೇಕು. ಬೇರೆ ಪುಟಕ್ಕೆ ತಳ್ಳಬೇಡಿ.

ಕೊನೆಯ ಭಾಗ ಚೆನ್ನಾಗಿದೆ. 2002ರ ಮೇ 3ರಂದು ಪ್ರಿಟೋರಿಯಾದ ಆಸ್ಪತ್ರೆಯಲ್ಲಿ ಸಾವು, ಬರ್ಬೆರಾದಲ್ಲಿ ಅಪ್ಪನ ಸಮಾಧಿಯ ಪಕ್ಕದಲ್ಲೇ ಮಣ್ಣು. ಅದಕ್ಕೆ ಒಂದು ಮಾತು ಸೇರಿಸಿ. ಅವರ ನಂತರ ಬಂದ ಉಪಾಧ್ಯಕ್ಷ ದಾಹಿರ್ ರಿಯಾಲೆ ಕಾಹಿನ್ ಬೇರೆ ಕುಲದವರು. ಹಿಂದೆ ಬರ್ರೆಯ ಗುಪ್ತಚರ ಇಲಾಖೆಯಲ್ಲಿ ಇದ್ದವರು. ಆದರೂ ಬಂದೂಕು ಏಳಲಿಲ್ಲ, ಸಂವಿಧಾನ ಹೇಳಿದಂತೆ ಅಧಿಕಾರ ಕೈ ಬದಲಾಯಿತು.

ಮೊದಲು ಆ ಐದು ದಿನಗಳ ಭಾಗವನ್ನಷ್ಟೇ ಹೊಸದಾಗಿ ಬರೆದು ಕಳಿಸಿ. ಎರಡು ಪುಟ ಸಾಕು. ಕಾಯುತ್ತಿರುತ್ತೇನೆ.

ಪ್ರೀತಿಯಿಂದ,
ನಿಮ್ಮ ಹಿರಿಯ ಗೆಳೆಯ