ಬಳ್ಳಿ ಸವರಿದ ಮೇಲೆ ಬಂದ ಲೆಕ್ಕ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪದಗಳ ಅಂಕಣದಲ್ಲಿ ‘ಕಂಪ್ಯೂಟರ್’ ಎಂಬ ಮಾತು ಲ್ಯಾಟಿನ್‌ನ ‘ಪುತಾರೆ’ಯಿಂದ ಬಂತು, ಹಾಗಂದರೆ ಎಣಿಸು, ಯೋಚಿಸು ಎಂದು ಬರೆದಿದ್ದೀರಿ. ತಪ್ಪೇನಿಲ್ಲ. ಆದರೆ ಅವು ಆಮೇಲೆ ಬಂದ ಅರ್ಥಗಳು. ಮೊದಲಿನದನ್ನು ಬಿಟ್ಟಿದ್ದು ನೋಡಿ ಬೇಜಾರಾಯಿತು, ಅದಕ್ಕೇ ಈ ಪತ್ರ.

‘ಪುತಾರೆ’ ಮೊದಲಿಗೆ ಕೈಯಲ್ಲಿ ಮಾಡುವ ಕೆಲಸ. ಚೊಕ್ಕ ಮಾಡುವುದು. ತೊಳೆದ ಉಣ್ಣೆಯ ಕಸ ತೆಗೆಯುವುದಕ್ಕೂ ರೋಮನ್ನರು ಈ ಮಾತು ಬಳಸಿದ್ದಾರೆ. ಜಾಸ್ತಿ ಬಳಸಿದ್ದು ಮರಕ್ಕೆ, ದ್ರಾಕ್ಷಿ ಬಳ್ಳಿಗೆ. ಬೇಡದ ರೆಂಬೆ ಸವರಿ ಹಾಕುವುದು. ದ್ರಾಕ್ಷಿ ಬೆಳೆಯುವವರು ಚಾಟ್ನಿ ಅನ್ನುತ್ತಾರಲ್ಲ, ಅದೇ.

ನಾನು 30 ವರ್ಷ ಲೆಕ್ಕ ಬರೆದವಳು. ನಿವೃತ್ತಿಯಾದ ಮೇಲೆ ಆಸೆಪಟ್ಟು ಲ್ಯಾಟಿನ್ ಕಲಿಯಲು ಕೂತೆ. ಕ್ರಿ.ಪೂ. 149ರಲ್ಲಿ ತೀರಿಕೊಂಡ ರೋಮನ್ ಮುತ್ಸದ್ದಿ ಕೇಟೋ ಬೇಸಾಯದ ಬಗ್ಗೆ ಒಂದು ಪುಸ್ತಕ ಬರೆದಿದ್ದಾನೆ. ಬಳ್ಳಿಗಳನ್ನೂ ಮರಗಳನ್ನೂ ಹೊತ್ತು ಮೀರದ ಹಾಗೆ ‘ಪುತಾರೆ’ ಮಾಡಲು ತೊಡಗು ಎನ್ನುತ್ತಾನೆ. ಅದೇ ಪುಸ್ತಕದ ಆರಂಭದಲ್ಲಿ ಯಜಮಾನ ತೋಟಕ್ಕೆ ಬರುತ್ತಾನೆ. ತೋಟ ನೋಡಿಕೊಳ್ಳುವವನನ್ನು ಕರೆದು ಮಾತಾಡುತ್ತಾನೆ. ಆಮೇಲೆ ಹಣದ ಲೆಕ್ಕ, ಕಾಳಿನ ಲೆಕ್ಕ, ಮೇವು, ವೈನ್, ಎಣ್ಣೆ ಎಲ್ಲದರ ಲೆಕ್ಕವನ್ನೂ ‘ಪುತಾರೆ’ ಮಾಡಬೇಕು. ಬಳ್ಳಿಗೂ ಅದೇ ಮಾತು, ಲೆಕ್ಕಕ್ಕೂ ಅದೇ ಮಾತು!

ಅಲ್ಲಿಗೆ ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಲೆಡ್ಜರ್ ಟ್ಯಾಲಿ ಆಗದ ದಿನ ನಾವು ಮಾಡುತ್ತಿದ್ದುದೂ ಇದನ್ನೇ ಅಲ್ವಾ? ಎರಡು ಸಲ ಬಿದ್ದ ಎಂಟ್ರಿ ಹೊಡೆದು ಹಾಕು. ತಪ್ಪು ಖಾತೆಗೆ ಹೋದದ್ದನ್ನು ಅಲ್ಲಿಂದ ತೆಗಿ. ಇನ್ನೂ ಪಾಸಾಗದ ಚೆಕ್ ಬೇರೆ ಇಡು. ಕೂಡುವುದು ಸುಲಭ, ಯಾರು ಬೇಕಾದರೂ ಕೂಡುತ್ತಾರೆ. ರಾತ್ರಿ ಎಂಟರವರೆಗೆ ನನ್ನನ್ನು ಕೂರಿಸುತ್ತಿದ್ದುದು ಈ ಸವರುವ ಕೆಲಸ. ಕ್ರಿ.ಪೂ. 116ರಲ್ಲಿ ಹುಟ್ಟಿದ ರೋಮನ್ ಪಂಡಿತ ವಾರೊ ಇದನ್ನು ಬಿಡಿಸಿಯೇ ಹೇಳಿದ್ದಾನೆ: ಸವರುವವನು ಮರವನ್ನು ಚೊಕ್ಕ ಮಾಡುತ್ತಾನೆ, ಲೆಕ್ಕದಲ್ಲಿ ಮೊತ್ತ ಚೊಕ್ಕವಾಗುತ್ತದೆ, ಅದಕ್ಕೇ ಎರಡಕ್ಕೂ ಒಂದೇ ಪದ. ಅಲ್ಲಿಂದ ಯೋಚನೆಯ ಅರ್ಥಕ್ಕೆ ದೂರವೇನಿಲ್ಲ. ‘ಪುತೊ’ ಎಂದರೆ ‘ನನಗನ್ನಿಸುತ್ತದೆ’.

ಇನ್ನೊಂದು ಮಾತು. ಆಸ್ಪತ್ರೆಯಲ್ಲಿ ಕೇಳುವ ‘ಆಂಪ್ಯುಟೇಶನ್’ ಕೂಡ ಇದೇ ಮನೆಯದು, ಸುತ್ತಲೂ ಕತ್ತರಿಸುವುದು. ಜಗಳದ ‘ಡಿಸ್ಪ್ಯೂಟ್’, ಹೆಸರಿನ ‘ರೆಪ್ಯುಟೇಶನ್’ ಕೂಡ. ಬರೀ ‘ಎಣಿಸು’ ಎಂದು ನಿಲ್ಲಿಸಿದರೆ ಕಂಪ್ಯೂಟರ್‌ಗೂ ಕತ್ತರಿಸಿದ ಕಾಲಿಗೂ ಇರುವ ನಂಟು ಓದುವ ಮಕ್ಕಳಿಗೆ ಹೇಗೆ ಹೊಳೆಯಬೇಕು?

ಅಂಕಣದಲ್ಲಿ ಜಾಗ ಕಡಿಮೆ ಅಂತ ಗೊತ್ತು. ಒಂದು ಸಾಲು ಸಾಕು. ಈ ವಾರ ‘ಲೆಕ್ಚರ್’ ಪದ ಬರಲಿದೆ ಎಂದು ಹೇಳಿದ್ದೀರಿ. ಅದರ ಬೇರು ‘ಲೆಗೆರೆ’. ‘ಓದು’ ಎಂದು ಬರೆಯುವ ಮೊದಲು, ಆಲಿವ್ ಕಾಯಿ ಬಿಡಿಸಿ ಕೂಡಿಹಾಕುವುದಕ್ಕೂ ರೋಮನ್ನರು ಅದೇ ಮಾತು ಹೇಳುತ್ತಿದ್ದರು ಎಂಬುದನ್ನು ದಯವಿಟ್ಟು ಸೇರಿಸಿ.

ಇತಿ,
ನಿಮ್ಮ ಹಳೆಯ ಓದುಗಾರ್ತಿ